ಎಸ್‌ಎಸ್‌ಡಿಗೆ ಬರೆಯುವಾಗ ವೇಗ ಕುಸಿಯುತ್ತಿದೆಯೇ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಮದುವೆ ಸೀಸನ್ ಮುಗಿಯುತ್ತಾ ಬಂದಂತೆ ತುಮಕೂರಿನ ವಿಡಿಯೋ ಸ್ಟುಡಿಯೋದವರಿಂದ ಒಂದೇ ಬಗೆಯ ದೂರು ಬರತೊಡಗುತ್ತದೆ. "ಸಾರ್, ತಂದ ಹೊಸದರಲ್ಲಿ ನೂರು ಜಿಬಿ ಫೋಲ್ಡರು ಟೀ ಕುಡಿದು ಬರೋಷ್ಟರಲ್ಲಿ ಕಾಪಿ ಆಗಿರೋದು. ಈಗ ಊಟ ಮುಗಿಸಿ ಬಂದ್ರೂ ಅರ್ಧ ಆಗಿರಲ್ಲ. ಡ್ರೈವ್ ಹೋಗಿದ್ಯಾ ಅಂತ ಸ್ವಲ್ಪ ನೋಡಿ." ಕಂಪ್ಯೂಟರ್ ಆನ್ ಆಗುವುದು ಮೊದಲಿನಷ್ಟೇ ಬೇಗ, ಹಳೆಯ ಪ್ರಾಜೆಕ್ಟ್ ತೆರೆಯುವುದೂ ಬೇಗ. ಬರೆಯುವಾಗ ಮಾತ್ರ ತೆವಳುತ್ತದೆ.

ಇಂಥ ಎಸ್‌ಎಸ್‌ಡಿಗಳಲ್ಲಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್‌ಗಳಲ್ಲಿ, ಹೆಚ್ಚಿನವು ಕೆಟ್ಟಿರುವುದಿಲ್ಲ, ತುಂಬಿರುತ್ತವೆ. ಇಲ್ಲವೇ ತಪ್ಪು ಪೋರ್ಟಿನಲ್ಲಿ, ತಪ್ಪು ಕೇಬಲಿನಲ್ಲಿ ಕೂತಿರುತ್ತವೆ. ಯೂಟ್ಯೂಬಿನಲ್ಲಿ ಸಿಗುವ 'ಈ ಹತ್ತು ಸೆಟ್ಟಿಂಗ್ ಬದಲಿಸಿ, ವೇಗ ಡಬಲ್' ಥರದ ವಿಡಿಯೋಗಳನ್ನು ನೋಡಿ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಕೆದಕುವುದಕ್ಕಿಂತ, ಕೆಳಗಿನ ಕ್ರಮದಲ್ಲಿ ಒಂದೊಂದೇ ಪರೀಕ್ಷಿಸಿಕೊಂಡು ಹೋಗುವುದು ಒಳ್ಳೆಯದು. ಬಹುತೇಕರಿಗೆ ಮೊದಲ ಮೂರು ಹೆಜ್ಜೆಗಳಲ್ಲೇ ಉತ್ತರ ಸಿಗುತ್ತದೆ.

ಮೊದಲು ಒಳಗೇನು ನಡೆಯುತ್ತದೆ ಎಂದು ತಿಳಿಯಿರಿ

ಎಸ್‌ಎಸ್‌ಡಿಯ ನ್ಯಾಂಡ್ ಎಂಬ ಮೆಮೊರಿ ಚಿಪ್ಪಿನಲ್ಲಿ ಡೇಟಾ ಕೂರುವುದು ಪೇಜುಗಳಲ್ಲಿ. ಒಂದು ಪೇಜು ಸಾಮಾನ್ಯವಾಗಿ 4ರಿಂದ 16 ಕೆಬಿ. ಇಂಥ ನೂರಾರು ಪೇಜುಗಳು, ಈಗಿನ ಚಿಪ್ಪುಗಳಲ್ಲಾದರೆ ಇನ್ನೂ ಹೆಚ್ಚು, ಸೇರಿ ಒಂದು ಬ್ಲಾಕು. ಓದುವುದು ಬರೆಯುವುದು ಪೇಜಿನ ಲೆಕ್ಕದಲ್ಲಿ. ಅಳಿಸುವುದು ಮಾತ್ರ ಇಡೀ ಬ್ಲಾಕಿನ ಲೆಕ್ಕದಲ್ಲಿ. ಒಮ್ಮೆ ಬರೆದ ಪೇಜಿನ ಮೇಲೆ, ಆ ಬ್ಲಾಕನ್ನು ಅಳಿಸದೆ, ಮತ್ತೆ ಬರೆಯಲು ಬರುವುದಿಲ್ಲ. ಹಾಗಾಗಿ ನೀವು ಒಂದು ಫೈಲು ತಿದ್ದಿ ಸೇವ್ ಮಾಡಿದರೆ, ಡ್ರೈವಿನೊಳಗಿನ ಕಂಟ್ರೋಲರ್ ಅದನ್ನು ಹೊಸ ಖಾಲಿ ಪೇಜಿನಲ್ಲಿ ಬರೆದು ಹಳೆಯದಕ್ಕೆ 'ಇದು ಬೇಡ' ಎಂದು ಗುರುತು ಹಾಕಿಕೊಳ್ಳುತ್ತದೆ.

ಖಾಲಿ ಬ್ಲಾಕು ಮುಗಿಯುತ್ತಾ ಬಂದಾಗ ತಾಪತ್ರಯ ಶುರು. ಅರ್ಧ ಬೇಕಾದ, ಅರ್ಧ ಬೇಡದ ಪೇಜುಗಳಿರುವ ಬ್ಲಾಕನ್ನು ಹುಡುಕಿ, ಬೇಕಾದ್ದನ್ನು ಬೇರೆಡೆ ಬರೆದು, ಆಮೇಲೆ ಬ್ಲಾಕು ಅಳಿಸಬೇಕು. ಇದೇ ಗಾರ್ಬೇಜ್ ಕಲೆಕ್ಷನ್. ನೀವು ಕೊಟ್ಟದ್ದು 1 ಜಿಬಿಯಾದರೂ ಒಳಗೆ ಅದಕ್ಕಿಂತ ಹೆಚ್ಚು ಬರವಣಿಗೆ ನಡೆಯುತ್ತದೆ. ಡ್ರೈವ್ ತುಂಬಿದಷ್ಟೂ ಈ ಹೆಚ್ಚುವರಿ ಕೆಲಸ ಏರುತ್ತದೆ, ವೇಗ ಇಳಿಯುತ್ತದೆ, ಚಿಪ್ಪಿನ ಆಯಸ್ಸೂ ಸವೆಯುತ್ತದೆ.

ಎರಡನೆಯ ಸಂಗತಿ ಎಸ್‌ಎಲ್‌ಸಿ ಕ್ಯಾಶ್. ಇದೇ ಹೆಚ್ಚು ಜನರನ್ನು ದಾರಿ ತಪ್ಪಿಸುವುದು. ಈಗ ಅಂಗಡಿಯಲ್ಲಿ ಸಿಗುವ ಡ್ರೈವ್‌ಗಳು ಟಿಎಲ್‌ಸಿ ಅಥವಾ ಕ್ಯೂಎಲ್‌ಸಿ. ಟಿಎಲ್‌ಸಿಯಲ್ಲಿ ಒಂದು ಸೆಲ್ಲಿಗೆ (ಚಿಪ್ಪಿನಲ್ಲಿ ಡೇಟಾ ಹಿಡಿಯುವ ಅತಿ ಚಿಕ್ಕ ಕೋಶ) 3 ಬಿಟ್, ಕ್ಯೂಎಲ್‌ಸಿಯಲ್ಲಿ 4 ಬಿಟ್. ಸೆಲ್ಲಿಗೆ ಬಿಟ್ಟು ಹೆಚ್ಚಿದಷ್ಟೂ ಬರೆಯುವುದು ನಿಧಾನ. ಈ ನಿಧಾನ ಗಿರಾಕಿಗೆ ಕಾಣದಿರಲೆಂದು ಕಂಪನಿಗಳು ಚಿಪ್ಪಿನ ಒಂದು ಭಾಗವನ್ನು ಸೆಲ್ಲಿಗೆ ಒಂದೇ ಬಿಟ್ಟಿನಂತೆ ಬಳಸುತ್ತವೆ. ಬರುವ ಡೇಟಾ ಮೊದಲು ಬೇಗನೆ ಇಳಿಯುವ ಈ ಭಾಗವೇ ಎಸ್‌ಎಲ್‌ಸಿ ಕ್ಯಾಶ್. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಲಾರಿ ಬಂದರೆ ಮೂಟೆಗಳನ್ನು ಮೊದಲು ಬಯಲಿಗೆ ಇಳಿಸಿ, ಆಮೇಲೆ ಬಿಡುವಾದಾಗ ಗೋಡೌನಿಗೆ ಸೇರಿಸಿ ಅಟ್ಟಿ ಹಾಕುವುದಿಲ್ಲವೇ? ಹಾಗೆಯೇ ಇದು. ಬಯಲು ಖಾಲಿಯಿದ್ದರೆ ಲಾರಿ ಐದು ನಿಮಿಷದಲ್ಲಿ ವಾಪಸ್. ಬಯಲು ತುಂಬಿದ್ದರೆ ಒಂದೊಂದೇ ಮೂಟೆ ನೇರ ಗೋಡೌನಿಗೆ ಹೋಗಬೇಕು, ಲಾರಿ ನಿಂತೇ ಇರಬೇಕು.

ಬಹಳಷ್ಟು ಡ್ರೈವ್‌ಗಳಲ್ಲಿ ಈ 'ಬಯಲು' ಸಿಗುವುದು ನಿಮ್ಮ ಖಾಲಿ ಜಾಗದಿಂದಲೇ. ಸ್ಯಾಮ್‌ಸಂಗ್‌ನ 870 ಕ್ಯೂವಿಒ ಎಂಬ ಕ್ಯೂಎಲ್‌ಸಿ ಡ್ರೈವಿನ 1 ಟಿಬಿ ಮಾದರಿಯನ್ನು ತೆಗೆದುಕೊಳ್ಳಿ. ಕಂಪನಿಯೇ ಅಂಕಿಗಳನ್ನು ಬಿಚ್ಚಿಟ್ಟಿರುವುದರಿಂದ ಲೆಕ್ಕ ಸುಲಭ. ಕ್ಯಾಶ್ ಇರುವ ತನಕ ಸೆಕೆಂಡಿಗೆ 530 ಎಂಬಿ, ಮುಗಿದ ಮೇಲೆ 80 ಎಂಬಿ. ಕ್ಯಾಶ್ ಒಟ್ಟು 42 ಜಿಬಿ, ಅದರಲ್ಲಿ 6 ಜಿಬಿ ಮಾತ್ರ ಕಾಯಂ. ಉಳಿದ 36 ಜಿಬಿ ಖಾಲಿ ಜಾಗವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ 120 ಜಿಬಿಯ ಮದುವೆ ಫೋಲ್ಡರ್ ಹಾಕಿ ನೋಡಿ. ಖಾಲಿ ಡ್ರೈವಿನಲ್ಲಿ ಮೊದಲ 42 ಜಿಬಿ ಸುಮಾರು 80 ಸೆಕೆಂಡಿನಲ್ಲಿ ಮುಗಿಯುತ್ತದೆ, ಉಳಿದ 78 ಜಿಬಿಗೆ 16 ನಿಮಿಷ. ಡ್ರೈವ್ ಕಂಠಪೂರ್ತಿ ತುಂಬಿದ್ದರೆ 6 ಜಿಬಿ ಕಳೆದ ಮೇಲೆ 114 ಜಿಬಿಯೂ 80ರಲ್ಲೇ ಹೋಗಬೇಕು: ಹತ್ತಿರ ಹತ್ತಿರ 24 ನಿಮಿಷ. ಡ್ರೈವ್ ಅದೇ, ಫೋಲ್ಡರ್ ಅದೇ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು 530 ಮಾತ್ರ.

ಹೆಜ್ಜೆ 1: ಅಳೆಯಿರಿ, ಆದರೆ ಸರಿಯಾಗಿ ಅಳೆಯಿರಿ

ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಎಂಬ ಉಚಿತ ತಂತ್ರಾಂಶವನ್ನು ಎಲ್ಲರೂ ಬಳಸುತ್ತಾರೆ. ಅದು ತಾನಾಗಿ ಪರೀಕ್ಷಿಸುವುದು 1 ಜಿಬಿಯಷ್ಟನ್ನು ಮಾತ್ರ. ಅಷ್ಟು ಕ್ಯಾಶಿನಲ್ಲೇ ಮುಗಿದುಹೋಗುವುದರಿಂದ ತುಂಬಿದ ಡ್ರೈವೂ ಮಿಂಚಿನ ಅಂಕಿ ತೋರಿಸಿಬಿಡುತ್ತದೆ. ಮೇಲಿನ ಪಟ್ಟಿಯಲ್ಲಿ ಗಾತ್ರವನ್ನು 32 ಅಥವಾ 64 ಜಿಬಿಗೆ ಏರಿಸಿ, ಒಂದೇ ಸಲಕ್ಕೆ ನಡೆಸಿ. ಪದೇ ಪದೇ ನಡೆಸಬೇಡಿ, ಪ್ರತಿ ಸಲವೂ ಚಿಪ್ಪಿನ ಮೇಲೆ ಬರವಣಿಗೆಯೇ.

ಇದಕ್ಕಿಂತ ನನಗೆ ಹಿಡಿಸುವುದು ನಿಜವಾದ ಫೈಲನ್ನೇ ಕಾಪಿ ಮಾಡಿ ನೋಡುವುದು. ಐವತ್ತು ಜಿಬಿಗೂ ದೊಡ್ಡ ವಿಡಿಯೋ ಫೋಲ್ಡರನ್ನು ಇನ್ನೊಂದು ಎಸ್‌ಎಸ್‌ಡಿಯಿಂದ ಕಾಪಿಗೆ ಹಾಕಿ, ಕಾಪಿ ಕಿಟಕಿಯಲ್ಲಿ 'ಮೋರ್ ಡೀಟೇಲ್ಸ್' ಒತ್ತಿ. ಹಸಿರು ಗ್ರಾಫು ಬರುತ್ತದೆ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ತೆರೆದು ಆ ಡಿಸ್ಕನ್ನು ಆರಿಸಿಟ್ಟುಕೊಳ್ಳಿ. ಗ್ರಾಫು ಒಂದಷ್ಟು ಹೊತ್ತು ಮಟ್ಟಸವಾಗಿ ಸಾಗಿ, ಒಮ್ಮೆಲೆ ನೆಟ್ಟಗೆ ಕೆಳಗಿಳಿದು, ಅಲ್ಲೇ ಉಳಿದರೆ ಕ್ಯಾಶ್ ಮುಗಿಯಿತೆಂದೇ ಅರ್ಥ. ಮೇಲೆ ಕೆಳಗೆ ಗರಗಸದ ಹಲ್ಲಿನ ಆಕಾರದಲ್ಲಿ ಕುಣಿಯುತ್ತಿದ್ದರೆ ಬಿಸಿಯನ್ನೋ ಗಾರ್ಬೇಜ್ ಕಲೆಕ್ಷನ್ನನ್ನೋ ಶಂಕಿಸಿ. ಶುರುವಿನಿಂದಲೇ 35–40 ಎಂಬಿಯ ಆಸುಪಾಸಿನಲ್ಲಿ ಅಲುಗಾಡದೆ ನಿಂತಿದ್ದರೆ ಅದು ಯುಎಸ್‌ಬಿ 2.0ರ ಮಿತಿ, ಡ್ರೈವನ್ನು ಬೈಯಬೇಡಿ.

ಎಲ್ಲಿಂದ ಕಾಪಿ ಆಗುತ್ತಿದೆ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಕ್ಯಾಮೆರಾದ ಎಸ್‌ಡಿ ಕಾರ್ಡು ಯುಎಚ್‌ಎಸ್-1 ಆಗಿದ್ದರೆ ಸಾಮಾನ್ಯ ರೀಡರಿನಲ್ಲಿ ಆ ದಾರಿಯ ಗರಿಷ್ಠ ಮಿತಿಯೇ ಸೆಕೆಂಡಿಗೆ 104 ಎಂಬಿ. ಅಲ್ಲಿಂದ ಕಾಪಿ ಮಾಡುವಾಗ ಲೋಕದ ಅತಿ ದುಬಾರಿ ಎಸ್‌ಎಸ್‌ಡಿ ತಂದಿಟ್ಟರೂ ಅದಕ್ಕಿಂತ ಬೇಗ ಆಗದು. ಹಳೆಯ ಹಾರ್ಡ್‌ಡಿಸ್ಕಿನಿಂದಲಾದರೂ ಅಷ್ಟೆ, 150–200 ಎಂಬಿ ಬಂದರೆ ಪುಣ್ಯ. ಇನ್ನು ವಿಡಿಯೋ ಎಕ್ಸ್‌ಪೋರ್ಟ್ ನಿಧಾನ ಎನ್ನುವವರು: ಎಚ್.264ಗೆ ಎಕ್ಸ್‌ಪೋರ್ಟ್ ಆಗುವಾಗ ಡಿಸ್ಕಿಗೆ ಹೋಗುವುದು ಸೆಕೆಂಡಿಗೆ ಕೆಲವೇ ಎಂಬಿ. ಅಲ್ಲಿ ಬೆವರುತ್ತಿರುವುದು ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡು. ಎಸ್‌ಎಸ್‌ಡಿ ಬದಲಿಸಿದರೆ ಒಂದು ನಿಮಿಷವೂ ಉಳಿಯುವುದಿಲ್ಲ.

ಹೆಜ್ಜೆ 2: ಪೋರ್ಟು, ಕೇಬಲು

ಹೊರಗಿನ ಎಸ್‌ಎಸ್‌ಡಿಯಾದರೆ ಮೊದಲು ಕೇಬಲ್ ನೋಡಿ. ಎರಡು ತುದಿಯೂ ಟೈಪ್-ಸಿ ಇದ್ದ ಮಾತ್ರಕ್ಕೆ ಅದು ವೇಗದ ಕೇಬಲ್ ಅಲ್ಲ. ಮೊಬೈಲ್ ಚಾರ್ಜರಿನ ಜೊತೆ ಬರುವ ಬಹಳಷ್ಟು ಕೇಬಲುಗಳು ಡೇಟಾಕ್ಕೆ ಯುಎಸ್‌ಬಿ 2.0 ಮಾತ್ರ. ಡ್ರೈವಿನ ಡಬ್ಬಿಯಲ್ಲಿ ಬಂದ ಗಿಡ್ಡ ಕೇಬಲನ್ನು ಅದಕ್ಕೇ ಮೀಸಲಿಡಿ, ಒಂದು ತುದಿಗೆ ಬಣ್ಣದ ಟೇಪು ಸುತ್ತಿಡಿ, ಇಲ್ಲದಿದ್ದರೆ ಯಾರಾದರೂ ಫೋನ್ ಚಾರ್ಜಿಗೆ ಒಯ್ಯುತ್ತಾರೆ. ಸಿಪಿಯು ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟಿಗಿಂತ ಹಿಂದೆ ಮದರ್‌ಬೋರ್ಡಿನಲ್ಲೇ ಇರುವ ಪೋರ್ಟು ನಂಬಿಕಸ್ಥ. 5 ಗಿಗಾಬಿಟ್ ಯುಎಸ್‌ಬಿಯಲ್ಲಿ ಕೈಗೆ ಸಿಗುವುದು ಸುಮಾರು 400–450 ಎಂಬಿ, 10 ಗಿಗಾಬಿಟ್‌ನಲ್ಲಿ 1,000 ಎಂಬಿಯ ಹತ್ತಿರ.

ಒಳಗಿನ ಡ್ರೈವಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಇನ್ನೊಂದು ಉಚಿತ ತಂತ್ರಾಂಶ ಹಾಕಿಕೊಂಡು 'ಟ್ರಾನ್ಸ್‌ಫರ್ ಮೋಡ್' ಸಾಲನ್ನು ಓದಿ. ಅಲ್ಲಿ ಎರಡು ಸಂಗತಿ ಇರುತ್ತವೆ: ಈಗ ಓಡುತ್ತಿರುವ ವೇಗ, ಡ್ರೈವ್ ಓಡಬಲ್ಲ ವೇಗ. ಸಾಟಾ ಎಂಬುದು ಹಾರ್ಡ್‌ಡಿಸ್ಕುಗಳ ಕಾಲದಿಂದ ಬಂದ ಸಂಪರ್ಕ; 'ಸಾಟಾ/300 | ಸಾಟಾ/600' ಎಂದಿದ್ದರೆ ಡ್ರೈವ್ ಹಳೆಯ ಪೋರ್ಟಿನಲ್ಲಿದೆ. ಬೋರ್ಡಿನಲ್ಲಿ 600ರ ಇನ್ನೊಂದು ಪೋರ್ಟಿದ್ದರೆ ಅಲ್ಲಿಗೆ ಬದಲಿಸಿ. ಹಳೆಯ ಬೋರ್ಡುಗಳಲ್ಲಿ ಎರಡೂ ಬಗೆಯ ಪೋರ್ಟುಗಳಿರುತ್ತವೆ, ಬಣ್ಣ ಬೇರೆಯಿರುವುದುಂಟು. ಪಿಸಿಐಇ ಎಂಬ ಇನ್ನೂ ವೇಗದ ಸಂಪರ್ಕದಲ್ಲಿ ಓಡುವ ಎನ್‌ವಿಎಂಇ ಡ್ರೈವಿನಲ್ಲಾದರೆ ಪಿಸಿಐಇ ತಲೆಮಾರು ಮತ್ತು ಲೇನ್ (ಡೇಟಾ ಓಡುವ ಸಾಲು) ಸಂಖ್ಯೆ ಕಾಣುತ್ತದೆ. ನಾಲ್ಕು ಲೇನ್ ಬೇಕಾದ ಕಡೆ ಎರಡೇ ತೋರಿಸುತ್ತಿದ್ದರೆ ಸ್ಲಾಟ್ ಬದಲಿಸುವುದೊಂದೇ ದಾರಿ. ಪಟ್ಟಿಯಾಕಾರದ ಚಿಕ್ಕ ಡ್ರೈವ್ ಕೂರುವ ಎಂ.2 ಸ್ಲಾಟ್ ಎಂದಾಕ್ಷಣ ಎನ್‌ವಿಎಂಇ ನಡೆಯುತ್ತದೆ ಎಂದುಕೊಳ್ಳಬೇಡಿ; ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಎಂ.2 ಬರೀ ಸಾಟಾಕ್ಕೆ. ಅಲ್ಲಿ 550 ಎಂಬಿಗಿಂತ ಮೇಲೆ ಆಸೆ ಪಡುವಂತಿಲ್ಲ.

ಹೆಜ್ಜೆ 3: ಜಾಗ ಬಿಡಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ. ಡ್ರೈವಿನ ಶೇ. 20ರಷ್ಟು ಜಾಗ ಸದಾ ಖಾಲಿಯಿರಲಿ. ಕ್ಯೂಎಲ್‌ಸಿಯಾದರೆ ಇನ್ನೂ ಸ್ವಲ್ಪ ಹೆಚ್ಚು.

ಸ್ಟುಡಿಯೋಗಳಲ್ಲಿ ಜಾಗ ತಿನ್ನುವುದು ಮುಗಿದ ಮದುವೆಗಳ ಮೂಲ ಫೂಟೇಜ್. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೋ ಗಂಟೆಗೆ 45 ಜಿಬಿ ಬೇಡುತ್ತದೆ. ಎರಡು ಕ್ಯಾಮೆರಾ ತಲಾ ಮೂರು ಗಂಟೆ ಓಡಿದರೆ ಒಂದು ಮದುವೆಗೆ 270 ಜಿಬಿ. ಧಾರೆ, ಆರತಕ್ಷತೆ ಎರಡೂ ಸೇರಿದರೆ 500 ಜಿಬಿಯ ಡ್ರೈವು ಒಂದೇ ಮನೆಯವರಿಗೆ ಸಾಲದು. ಎಡಿಟಿಂಗ್ ನಡೆಯುತ್ತಿರುವುದು ಎಸ್‌ಎಸ್‌ಡಿಯಲ್ಲಿರಲಿ, ಆಲ್ಬಮ್ ಕೊಟ್ಟು ಮುಗಿದದ್ದು ಹಾರ್ಡ್‌ಡಿಸ್ಕಿಗೆ ಹೋಗಲಿ. ಸಂಗ್ರಹಕ್ಕೆ ಹಾರ್ಡ್‌ಡಿಸ್ಕು ಇವತ್ತಿಗೂ ಅಗ್ಗ, ಇಟ್ಟು ಮರೆಯುವ ಡೇಟಾಕ್ಕೆ ಎಸ್‌ಎಸ್‌ಡಿ ದಂಡ.

ಕಣ್ಣಿಗೆ ಬೀಳದ ಕಸವೂ ಸಾಕಷ್ಟಿರುತ್ತದೆ. ಎಡಿಟಿಂಗ್ ತಂತ್ರಾಂಶಗಳ ಮೀಡಿಯಾ ಕ್ಯಾಶ್, ರೆಂಡರ್ ಕ್ಯಾಶ್ ಫೋಲ್ಡರುಗಳು ಪ್ರಾಜೆಕ್ಟ್ ಮುಗಿದರೂ ತಾವಾಗಿ ಹೋಗದೆ ಉಳಿಯಬಹುದು. ಆಯಾ ತಂತ್ರಾಂಶದ ಪ್ರಿಫರೆನ್ಸಸ್ ಒಳಗೆ ಅವನ್ನು ಅಳಿಸುವ ಗುಂಡಿಯಿರುತ್ತದೆ. ರೀಸೈಕಲ್ ಬಿನ್‌ನಲ್ಲಿರುವುದು ಡಿಲೀಟ್ ಆದ ಲೆಕ್ಕವಲ್ಲ. ವಿಂಡೋಸ್ ದೊಡ್ಡ ಅಪ್‌ಡೇಟ್ ಆದ ಮೇಲೆ ಉಳಿಯುವ ಹಳೆಯ ವಿಂಡೋಸ್ ಫೋಲ್ಡರನ್ನು ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪೊರರಿ ಫೈಲ್ಸ್ ಒಳಗೆ ಹೋಗಿ ತೆಗೆಯಿರಿ.

ಖಾಲಿ ಜಾಗ ಉಳಿಸುವ ಶಿಸ್ತು ನಮ್ಮ ಕೈಲಾಗದು ಎನ್ನುವವರಿಗೆ ಒಂದು ಉಪಾಯ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಪಾರ್ಟಿಷನ್ನನ್ನು ಶೇ. 10ರಷ್ಟು 'ಶ್ರಿಂಕ್' ಮಾಡಿ, ಆ ಜಾಗವನ್ನು ಯಾರಿಗೂ ಕೊಡದೆ ಬಿಡಿ. ಕಂಟ್ರೋಲರ್ ಅದನ್ನು ತನ್ನ ಓಡಾಟಕ್ಕೆ ಬಳಸಿಕೊಳ್ಳುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ, ಅದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆ ಜಾಗದಲ್ಲಿ ಹಿಂದೆ ಏನಾದರೂ ಬರೆದಿದ್ದರೆ, ಬರೀ ಶ್ರಿಂಕ್ ಮಾಡಿದ್ದರಿಂದ ಅದು ಖಾಲಿಯೆಂದು ಡ್ರೈವಿಗೆ ಗೊತ್ತಾಗುವುದಿಲ್ಲ. ಅಲ್ಲಿ ಒಂದು ತಾತ್ಕಾಲಿಕ ಪಾರ್ಟಿಷನ್ ಮಾಡಿ, ಕ್ವಿಕ್ ಫಾರ್ಮ್ಯಾಟ್ ಹೊಡೆದು, ಆಮೇಲೆ ಆ ಪಾರ್ಟಿಷನ್ ಅಳಿಸಿ. ಫಾರ್ಮ್ಯಾಟ್ ಆಗುವಾಗ ವಿಂಡೋಸ್ 'ಇಷ್ಟೂ ಜಾಗ ಬೇಡ' ಎಂಬ ಸೂಚನೆಯನ್ನು ಡ್ರೈವಿಗೆ ಕಳುಹಿಸುತ್ತದೆ. ಆ ಸೂಚನೆಯ ಹೆಸರೇ ಟ್ರಿಮ್.

ಹೆಜ್ಜೆ 4: ಟ್ರಿಮ್ ನಡೆಯುತ್ತಿದೆಯೇ?

ನೀವು ಫೈಲು ಡಿಲೀಟ್ ಮಾಡಿದಾಗ ಅಳಿಯುವುದು ಫೈಲ್ ಸಿಸ್ಟಮ್‌ನ ಪಟ್ಟಿಯಲ್ಲಿರುವ ಹೆಸರು ಮಾತ್ರ. ಡ್ರೈವ್ ಆ ಪೇಜುಗಳನ್ನು ಇನ್ನೂ ಬೇಕಾದ ಡೇಟಾ ಎಂದೇ ನಂಬಿ ಜೋಪಾನವಾಗಿ ಅಲ್ಲಿಂದಿಲ್ಲಿಗೆ ಹೊತ್ತು ತಿರುಗುತ್ತಿರುತ್ತದೆ. ಆ ಭಾರ ಇಳಿಸುವುದೇ ಟ್ರಿಮ್. 2009ರ ವಿಂಡೋಸ್ 7ರಿಂದ ಈಚೆಗೆ ಇದು ತಾನಾಗಿ ಇದೆ. ಆದರೂ ಒಮ್ಮೆ ಖಚಿತಪಡಿಸಿಕೊಳ್ಳಿ: ಸ್ಟಾರ್ಟ್ ಮೆನುವಿನಲ್ಲಿ 'ಡಿಫ್ರ್ಯಾಗ್‌ಮೆಂಟ್ ಅಂಡ್ ಆಪ್ಟಿಮೈಜ್ ಡ್ರೈವ್ಸ್' ಹುಡುಕಿ ತೆರೆಯಿರಿ. ನಿಮ್ಮ ಡ್ರೈವಿನ ಎದುರು 'ಸಾಲಿಡ್ ಸ್ಟೇಟ್ ಡ್ರೈವ್' ಎಂದಿರಬೇಕು, ಕೊನೆಯ ರೀಟ್ರಿಮ್ ಆಗಿ ಎಷ್ಟು ದಿನವಾಯಿತೆಂದು ತೋರಿಸಬೇಕು, ಕೆಳಗೆ ವಾರಕ್ಕೊಮ್ಮೆಯ ವೇಳಾಪಟ್ಟಿ 'ಆನ್' ಇರಬೇಕು. ದೊಡ್ಡ ಪ್ರಮಾಣದಲ್ಲಿ ಡಿಲೀಟ್ ಮಾಡಿದ ದಿನ 'ಆಪ್ಟಿಮೈಜ್' ಗುಂಡಿಯನ್ನು ನೀವೇ ಒತ್ತಿಬಿಡಿ. ಒತ್ತಿದ ಮೇಲೆ ಕಂಪ್ಯೂಟರನ್ನು ಅರ್ಧ ಗಂಟೆ ಕೆಲಸವಿಲ್ಲದೆ ಆನ್ ಇಟ್ಟರೆ ಡ್ರೈವ್ ಒಳಗಿನ ಗುಡಿಸಿ ಸಾರಿಸುವ ಕೆಲಸ ಮುಗಿಸಿಕೊಳ್ಳುತ್ತದೆ. ಕೆಲಸ ಮುಗಿದ ತಕ್ಷಣ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸವಿರುವ ಕಡೆಗಳಲ್ಲಿ ಇದೊಂದರಿಂದಲೇ ವ್ಯತ್ಯಾಸ ಕಂಡಿದ್ದೇನೆ.

ಡಿಫ್ರ್ಯಾಗ್ ಎಂಬ ಹೆಸರು ನೋಡಿ ಗಾಬರಿ ಬೇಡ. ಎಸ್‌ಎಸ್‌ಡಿ ಎಂದು ಗುರುತಿಸಿದ ಮೇಲೆ ಆ ಗುಂಡಿಯಿಂದ ಮುಖ್ಯವಾಗಿ ನಡೆಯುವುದು ಟ್ರಿಮ್ಮೇ. ಬೇರೆ ಕಂಪನಿಗಳ ಹಳೆಯ ಡಿಫ್ರ್ಯಾಗ್ ತಂತ್ರಾಂಶ ಮಾತ್ರ ಬೇಡವೇ ಬೇಡ.

ಅಗ್ಗದ ಯುಎಸ್‌ಬಿ ಕೇಸುಗಳಲ್ಲಿ ಹಾಕಿದ ಡ್ರೈವಿಗೆ ಟ್ರಿಮ್ ತಲುಪದೇ ಇರಬಹುದು. ಆಪ್ಟಿಮೈಜ್ ಒತ್ತಿದಾಗ ಆಗುವುದಿಲ್ಲವೆಂದು ಹೇಳಿದರೆ, ತಿಂಗಳಿಗೊಮ್ಮೆ ಆ ಡ್ರೈವನ್ನು ಡೆಸ್ಕ್‌ಟಾಪಿನ ಒಳಗೆ ಸಿಕ್ಕಿಸಿ ಟ್ರಿಮ್ ಮಾಡುವುದು ಒಂದು ದಾರಿ, ಒಳ್ಳೆಯ ಕೇಸು ಕೊಳ್ಳುವುದು ಇನ್ನೊಂದು. ಉಬುಂಟು ಬಳಸುವವರಿಗೆ ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ ತಾನಾಗಿ ಓಡುವ ವ್ಯವಸ್ಥೆ ಮೊದಲೇ ಇದೆ.

ಹೆಜ್ಜೆ 5: ಬಿಸಿ

ಶಿರಾ, ಪಾವಗಡ ಕಡೆಯ ಏಪ್ರಿಲ್ ಮಧ್ಯಾಹ್ನ, ಶೀಟಿನ ಮಾಡಿನ ಅಂಗಡಿ, ಗೋಡೆಗೆ ಒತ್ತಿಕೊಂಡ ಕ್ಯಾಬಿನೆಟ್. ಎನ್‌ವಿಎಂಇ ಡ್ರೈವಿಗೆ ಇಷ್ಟು ಸಾಕು. ಕಂಟ್ರೋಲರ್ ಸಾಮಾನ್ಯವಾಗಿ 70ರಿಂದ 85 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ತನ್ನನ್ನು ತಾನೇ ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ದೊಡ್ಡ ಕಾಪಿ ನಡೆಯುತ್ತಿರುವಾಗಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಉಷ್ಣತೆ ನೋಡಿ. ಸುಮ್ಮನಿರುವಾಗಿನ 45 ಡಿಗ್ರಿಯಿಂದ ಏನೂ ತಿಳಿಯುವುದಿಲ್ಲ.

ಮೊದಲು ಬ್ಲೋಯರಿನಿಂದ ಧೂಳು ಹೊಡೆಸಿ, ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಆಮೇಲೂ ಏರಿದರೆ ಹೀಟ್‌ಸಿಂಕ್ ಹಾಕಿಸಿ. ಮದರ್‌ಬೋರ್ಡಿನ ಜೊತೆಗೇ ಬಂದ ಹೀಟ್‌ಸಿಂಕ್ ಡಬ್ಬಿಯಲ್ಲೇ ಉಳಿದಿರುವುದು, ಹಾಕಿದ್ದರೂ ಥರ್ಮಲ್ ಪ್ಯಾಡಿನ ಮೇಲಿನ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಕೀಳದೆ ಹಾಕಿರುವುದು, ಎರಡೂ ಮಾಮೂಲು. ಪೊರೆ ಇದ್ದರೆ ಹೀಟ್‌ಸಿಂಕ್ ಇದ್ದೂ ಇಲ್ಲದ ಹಾಗೆ. ಡ್ರೈವಿನ ಮೇಲಿನ ಸ್ಟಿಕ್ಕರನ್ನು ಮಾತ್ರ ಕೀಳಬೇಡಿ, ವಾರಂಟಿ ಹೋಗುತ್ತದೆ.

ಸಾಟಾ ಡ್ರೈವುಗಳವರು ಈ ಹೆಜ್ಜೆಯನ್ನು ದಾಟಿ ಮುಂದೆ ಹೋಗಬಹುದು, ಅವು ಅಷ್ಟು ಬಿಸಿಯಾಗುವುದಿಲ್ಲ.

ಹೆಜ್ಜೆ 6: ರೈಟ್ ಕ್ಯಾಶಿಂಗ್, ಮತ್ತು ಕರೆಂಟಿನ ವಿಚಾರ

ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕ್ ಡ್ರೈವ್ಸ್ ಬಿಚ್ಚಿ, ನಿಮ್ಮ ಡ್ರೈವಿನ ಪ್ರಾಪರ್ಟೀಸ್‌ಗೆ ಹೋಗಿ, 'ಪಾಲಿಸೀಸ್' ಪುಟ ತೆರೆಯಿರಿ. ಒಳಗಿನ ಡ್ರೈವಿಗೆ ಎರಡು ಚೌಕಗಳಿರುತ್ತವೆ. ಮೊದಲನೆಯದು ಡ್ರೈವಿನ ರೈಟ್ ಕ್ಯಾಶಿಂಗ್, ಅಂದರೆ ಬರೆಯಬೇಕಾದ್ದನ್ನು ಮೊದಲು ವೇಗದ ತಾತ್ಕಾಲಿಕ ಮೆಮೊರಿಯಲ್ಲಿ ಹಿಡಿದಿಡುವುದನ್ನು, ಚಾಲೂ ಮಾಡುವುದು. ಅದಕ್ಕೆ ಟಿಕ್ ಇರಲೇಬೇಕು. ಯಾರಾದರೂ ತೆಗೆದಿದ್ದರೆ ಸಣ್ಣ ಫೈಲುಗಳ ಬರವಣಿಗೆ ಸೊರಗಿಹೋಗುತ್ತದೆ.

ಎರಡನೆಯದು ವಿಂಡೋಸ್ ಆಗಾಗ 'ಕ್ಯಾಶಿನಲ್ಲಿರುವುದನ್ನೆಲ್ಲ ಈಗಲೇ ಚಿಪ್ಪಿಗೆ ಇಳಿಸು' ಎಂದು ಕೊಡುವ ಆದೇಶವನ್ನು ನಿಲ್ಲಿಸುವ ಚೌಕ. ವಿಡಿಯೋಗಳಲ್ಲಿ ಎಲ್ಲರೂ ಇದಕ್ಕೆ ಟಿಕ್ ಹಾಕಿಸುತ್ತಾರೆ. ಹಾಕಿದರೆ ಅಂಕಿ ಏರುವುದೂ ನಿಜ. ನನ್ನ ಮಾತು ಕೇಳುವುದಾದರೆ ಹಾಕಬೇಡಿ. ಮಳೆಗಾಲದ ಮೊದಲ ಗಾಳಿಗೇ ಕರೆಂಟ್ ಹೋಗುವ ಊರುಗಳು ನಮ್ಮವು. ಹಠಾತ್ತನೆ ಕರೆಂಟ್ ಹೋದರೂ ಕ್ಯಾಶಿನಲ್ಲಿರುವುದನ್ನು ಉಳಿಸಿಕೊಳ್ಳಲು ಬೇಕಾದ ಕೆಪಾಸಿಟರುಗಳು ಸರ್ವರ್ ದರ್ಜೆಯ ಡ್ರೈವುಗಳಲ್ಲಿರುತ್ತವೆ, ಅಂಗಡಿಯಲ್ಲಿ ಕೊಂಡ ಸಾಧಾರಣ ಡ್ರೈವಿನಲ್ಲಿ ಅಂಥ ರಕ್ಷಣೆ ಇರುವುದಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯ ಟ್ಯಾಲಿ ಲೆಕ್ಕವಿರುವ ಕಂಪ್ಯೂಟರಿನಲ್ಲಿ ಆ ಟಿಕ್ ಹಾಕಿ, ಹರಾಜಿನ ದಿನ ಕರೆಂಟ್ ಹೋದರೆ, ಅಂದಿನ ಬಿಲ್ಲುಗಳ ಡೇಟಾ ಫೈಲೇ ಹಾಳಾಗಬಹುದು. ಯುಪಿಎಸ್ ಇದೆ ಎನ್ನುವವರು ಅದರ ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತೆಂದು ಮೊದಲು ನೆನಪಿಸಿಕೊಳ್ಳಿ.

ಹೊರಗಿನ ಡ್ರೈವಿಗೆ ಇದೇ ಪುಟದಲ್ಲಿ 'ಕ್ವಿಕ್ ರಿಮೂವಲ್', 'ಬೆಟರ್ ಪರ್ಫಾರ್ಮೆನ್ಸ್' ಎಂಬ ಎರಡು ಆಯ್ಕೆ. ಎರಡನೆಯದನ್ನು ಆರಿಸಿದರೆ ಬರವಣಿಗೆ ಚುರುಕಾಗುತ್ತದೆ, ಆದರೆ ಪ್ರತಿ ಸಲವೂ 'ಸೇಫ್ಲಿ ರಿಮೂವ್' ಮಾಡಿಯೇ ತೆಗೆಯಬೇಕು. ಅಂಗಡಿಯ ಹುಡುಗರು ಹಾಗೇ ಕಿತ್ತುಕೊಂಡು ಓಡುವವರಾದರೆ ಮೊದಲನೆಯದೇ ಇರಲಿ.

ಹೆಜ್ಜೆ 7: ಸಣ್ಣ ಫೈಲುಗಳ ಗುಂಪು

ಡಿಟಿಪಿ ಸೆಂಟರಿನವರು, ಆಡಿಟರ್ ಕಚೇರಿಯವರು ಹೇಳುವ ನಿಧಾನ ಬೇರೆ ಜಾತಿಯದು. ಅವರ ಫೋಲ್ಡರ್ 4 ಜಿಬಿಯೂ ಇರುವುದಿಲ್ಲ, ಆದರೆ ಅದರಲ್ಲಿ ಲಕ್ಷ ಚಿಕ್ಕ ಫೈಲುಗಳು. ಒಂದೊಂದಕ್ಕೂ ಹೆಸರು, ದಿನಾಂಕ, ಅನುಮತಿ ಬರೆಯಬೇಕು, ಆಂಟಿವೈರಸ್ ಒಂದೊಂದನ್ನೂ ತಡವಬೇಕು. 500 ಎಂಬಿಯ ಡ್ರೈವೂ ಇಲ್ಲಿ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ, ಇದು ದೋಷವಲ್ಲ. ಬ್ಯಾಕಪ್ ತೆಗೆಯುವಾಗ ಇಡೀ ಫೋಲ್ಡರನ್ನು ಮೂಲ ಡ್ರೈವಿನಲ್ಲೇ ಒಂದು ಜಿಪ್ ಫೈಲಾಗಿ ಮಾಡಿಕೊಂಡು ಅದನ್ನು ಕಾಪಿ ಮಾಡಿ. ಕಂಪ್ರೆಷನ್ ಬೇಡ, ಬರೀ 'ಸ್ಟೋರ್' ಆಯ್ಕೆ ಸಾಕು.

ಇಂಥ ಕೆಲಸದಲ್ಲಿ ಡ್ರೈವಿನೊಳಗೆ ಡಿರ‍್ಯಾಮ್ ಎಂಬ ವೇಗದ ತಾತ್ಕಾಲಿಕ ಮೆಮೊರಿ ಇದೆಯೇ ಇಲ್ಲವೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಯಾವ ಡೇಟಾ ಯಾವ ಪೇಜಿನಲ್ಲಿದೆ ಎಂಬ ನಕ್ಷೆಯನ್ನು ಕಂಟ್ರೋಲರ್ ಅಲ್ಲಿ ಇಟ್ಟುಕೊಳ್ಳುತ್ತದೆ. ಅಗ್ಗದ ಸಾಟಾ ಡ್ರೈವುಗಳಲ್ಲಿ ಡಿರ‍್ಯಾಮ್ ಇಲ್ಲದೆ, ನಕ್ಷೆ ನೋಡಲೂ ಚಿಪ್ಪಿಗೇ ಹೋಗಬೇಕಾಗುತ್ತದೆ. ಎನ್‌ವಿಎಂಇಯಲ್ಲಿ ಇದಕ್ಕೊಂದು ಪರಿಹಾರವುಂಟು: ಹೋಸ್ಟ್ ಮೆಮೊರಿ ಬಫರ್. ಕಂಪ್ಯೂಟರಿನ ರ‍್ಯಾಮ್‌ನಿಂದಲೇ ಹತ್ತಾರು ಎಂಬಿ ಕಡ ಪಡೆದು ನಡೆಸಿಕೊಳ್ಳುತ್ತದೆ. ಹಾಗಾಗಿ ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಪರವಾಗಿಲ್ಲ, ಡಿರ‍್ಯಾಮ್ ಇಲ್ಲದ ಸಾಟಾ ಮಾತ್ರ ಲೆಕ್ಕಪತ್ರದ ಕೆಲಸಕ್ಕೆ ಬೇಡ.

ಹಳೆಯ ಕಂಪ್ಯೂಟರಿನವರಿಗೆ ಎರಡು ಮಾತು

ವಿಂಡೋಸ್ ಎಕ್ಸ್‌ಪಿ ಕಾಲದ ಹಾರ್ಡ್‌ಡಿಸ್ಕನ್ನು ಹಾಗೆಯೇ ಕ್ಲೋನ್ ಮಾಡಿ ಎಸ್‌ಎಸ್‌ಡಿಗೆ ಇಳಿಸಿದ್ದರೆ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗಿರಬಹುದು. ಆಗ ಒಂದು ಪೇಜಿನ ಬರವಣಿಗೆ ಎರಡು ಪೇಜಿನ ಮೇಲೆ ಬೀಳುತ್ತದೆ. 'ಸಿಸ್ಟಮ್ ಇನ್ಫರ್ಮೇಷನ್' ತೆರೆದು, ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್ ಒಳಗೆ 'ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್' ನೋಡಿ. ಆ ಸಂಖ್ಯೆ 4,096ರಿಂದ ಶೇಷವಿಲ್ಲದೆ ಭಾಗವಾಗಬೇಕು. 10,48,576 ಎಂದಿದ್ದರೆ ಸರಿಯಿದೆ. ಆಗದಿದ್ದರೆ ಬ್ಯಾಕಪ್ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ವಾಸಿ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಸಾಟಾ ಮೋಡ್ ಹಳೆಯ 'ಐಡಿಇ' ಇದ್ದರೆ 'ಎಎಚ್‌ಸಿಐ' ಆಗಬೇಕು, ಆದರೆ ತಯಾರಿಯಿಲ್ಲದೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಕೂರಬಹುದು. ಹೊಸ ಇನ್‌ಸ್ಟಾಲ್ ಮಾಡುವ ದಿನವೇ ಇದನ್ನೂ ಮಾಡಿ.

ಇಷ್ಟಾದರೂ ಸುಧಾರಿಸದಿದ್ದರೆ

ಕಂಪನಿಯ ತಂತ್ರಾಂಶ ಇಳಿಸಿಕೊಂಡು ಫರ್ಮ್‌ವೇರ್ (ಡ್ರೈವನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಹೊಸದಿದೆಯೇ ನೋಡಿ. ಸ್ಯಾಮ್‌ಸಂಗ್‌ಗೆ ಮೆಜೀಷಿಯನ್, ಕ್ರೂಶಿಯಲ್‌ಗೆ ಸ್ಟೋರೇಜ್ ಎಕ್ಸಿಕ್ಯುಟಿವ್, ಕಿಂಗ್‌ಸ್ಟನ್‌ಗೆ ಎಸ್‌ಎಸ್‌ಡಿ ಮ್ಯಾನೇಜರ್. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು, ಲ್ಯಾಪ್‌ಟಾಪಾದರೆ ಚಾರ್ಜರ್ ಸಿಕ್ಕಿಸಿರಲಿ.

ಕೊನೆಯ ಅಸ್ತ್ರ ಸೆಕ್ಯೂರ್ ಇರೇಸ್. ಎಲ್ಲ ಬ್ಲಾಕುಗಳನ್ನೂ ಅಳಿಸಿ ಡ್ರೈವನ್ನು ಹೊಸದರ ಸ್ಥಿತಿಗೆ ತರುತ್ತದೆ. ಮೇಲಿನ ತಂತ್ರಾಂಶಗಳಲ್ಲೋ ಕೆಲವು ಮದರ್‌ಬೋರ್ಡುಗಳ ಬಯೋಸ್‌ನಲ್ಲೋ ಸಿಗುತ್ತದೆ. ಡೇಟಾ ಒಂದಿಷ್ಟೂ ಉಳಿಯುವುದಿಲ್ಲ, ರಿಕವರಿ ಅಂಗಡಿಯವರ ಕೈಲೂ ಆಗುವುದಿಲ್ಲ; ಬ್ಯಾಕಪ್ ತೆಗೆದು, ಬ್ಯಾಕಪ್ಪಿನ ನಾಲ್ಕಾರು ಫೈಲು ತೆರೆದು ನೋಡಿಯೇ ಕೈ ಹಾಕಿ. ಬರೀ ಡೇಟಾ ಇಡುವ ಒಳಗಿನ ಡ್ರೈವಾದರೆ ಕ್ವಿಕ್ ಫಾರ್ಮ್ಯಾಟ್ ಕೂಡ ಟ್ರಿಮ್ ಕಳುಹಿಸುವುದರಿಂದ ಬಹುಮಟ್ಟಿಗೆ ಅದೇ ಫಲ ಸಿಗುತ್ತದೆ. 'ಫುಲ್ ಫಾರ್ಮ್ಯಾಟ್', 'ವೈಪ್ ಫ್ರೀ ಸ್ಪೇಸ್' ಎಂಬವು ಇದಕ್ಕೆ ತೀರಾ ಉಲ್ಟಾ: ಖಾಲಿ ಜಾಗದ ತುಂಬ ಸೊನ್ನೆ ಬರೆದು ಡ್ರೈವಿಗೆ ಇನ್ನಷ್ಟು ಕೆಲಸ ಕೊಡುತ್ತವೆ.

ಕೊಳ್ಳಲೇಬೇಕಾದರೆ

ದಿನವೂ ನೂರಾರು ಜಿಬಿ ಬರೆಯುವವರು ಟಿಎಲ್‌ಸಿಯನ್ನೇ ಕೇಳಿ ತೆಗೆದುಕೊಳ್ಳಿ. ಕ್ಯೂಎಲ್‌ಸಿ ಕೆಟ್ಟದ್ದೆಂದಲ್ಲ, ಓದುವುದೇ ಹೆಚ್ಚಿರುವ ಮನೆಯ ಕಂಪ್ಯೂಟರಿಗೆ, ಶಾಲೆಯ ಲ್ಯಾಬಿಗೆ ಧಾರಾಳವಾಗಿ ಸಾಕು. ಒಂದೇ ಮಾದರಿಯಲ್ಲಿ 250 ಜಿಬಿಗಿಂತ 1 ಟಿಬಿ ಬರೆಯುವುದರಲ್ಲಿ ಚುರುಕು, ಏಕೆಂದರೆ ಹೆಚ್ಚು ಚಿಪ್ಪುಗಳಿಗೆ ಒಟ್ಟೊಟ್ಟಿಗೆ ಬರೆಯಬಹುದು. ಬಾಳಿಕೆಯ ಅಂಕಿ ಟಿಬಿಡಬ್ಲ್ಯೂ ಎಂದಿರುತ್ತದೆ. ಸ್ಯಾಮ್‌ಸಂಗ್ 870 ಇವಿಒ 1 ಟಿಬಿಗೆ ಅದು 600, ಅಂದರೆ 600 ಟಿಬಿ ಬರೆಯುವ ತನಕ ಅಥವಾ 5 ವರ್ಷದ ತನಕ, ಯಾವುದು ಮೊದಲೋ ಅಲ್ಲಿವರೆಗೆ ವಾರಂಟಿ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ತರುವವರು ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಕೆಲವು ಮಾದರಿಗಳಲ್ಲಿ ಹೆಸರು ಅದೇ ಇಟ್ಟು ಒಳಗಿನ ಚಿಪ್ಪು ಬದಲಿಸುವುದುಂಟು, ಆದ್ದರಿಂದ ಎರಡು ವರ್ಷ ಹಿಂದಿನ ವಿಮರ್ಶೆ ಓದಿ ತೀರ್ಮಾನಿಸಬೇಡಿ. ಆನ್‌ಲೈನಿನಲ್ಲಿ ಎರಡು ಸಾವಿರ ರೂಪಾಯಿಗೆ '16 ಟಿಬಿ ಎಸ್‌ಎಸ್‌ಡಿ' ಎಂದು ಬರುವ ಡಬ್ಬಿಗಳೊಳಗೆ ಇರುವುದು ಮೆಮೊರಿ ಕಾರ್ಡು, ಜೊತೆಗೆ ಸುಳ್ಳು ಹೇಳಲು ಕಲಿಸಿದ ಕಂಟ್ರೋಲರು.

ಮನೆಗೆ ತಂದ ಮೇಲೆ, ಡೇಟಾ ತುಂಬುವ ಮೊದಲೇ, ವಾಪಸ್ ಕೊಡುವ ಗಡುವಿನೊಳಗೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡ್ರೈವನ್ನು ಒಮ್ಮೆ ತುಂಬಿಸಿ ಪರೀಕ್ಷಿಸಿ. ಸಾಮರ್ಥ್ಯ ನಿಜವೇ ಎಂಬುದರ ಜೊತೆಗೆ, ಎಷ್ಟನೇ ಜಿಬಿಗೆ ವೇಗ ಬಿತ್ತು, ಬಿದ್ದ ಮೇಲೆ ಎಷ್ಟರಲ್ಲಿ ನಿಂತಿತು ಎಂಬುದೂ ಗೊತ್ತಾಗುತ್ತದೆ. ಆ ಎರಡು ಅಂಕಿಗಳನ್ನು ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದಿಡಿ. ಆಮೇಲೆ ಪರೀಕ್ಷೆಯ ಫೈಲುಗಳನ್ನು ಅಳಿಸಿ, ಆಪ್ಟಿಮೈಜ್ ಒತ್ತಿ ಬಳಕೆಗೆ ಹಚ್ಚಿ.